ಅಥೆನ್ಸಿನ ಮುದುಕ

"ಗುರುಗಳೇ, ತಪ್ಪು ಮಾಡಿದವನು ಎದುರಿಗೇ ಕೂತಿರುವಾಗ ಅವನ ತಪ್ಪನ್ನು ನೇರವಾಗಿ ಹೇಳದೆ, ಯಾವುದೋ ದೂರದ ಊರಿನ ಕತೆಯನ್ನು ಏಕೆ ಹೇಳುತ್ತೀರಿ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರು ಅನ್ನದಾನಯ್ಯನವರು ಆಗಷ್ಟೇ ಊರಿನ ಹತ್ತಿ ವ್ಯಾಪಾರಿಯನ್ನು ಬಾಗಿಲ ತನಕ ಕಳಿಸಿ ಬಂದು ಕೂತಿದ್ದರು. ಆ ವ್ಯಾಪಾರಿ ಕೆರೆಗೆ ಮೆಟ್ಟಿಲು ಕಟ್ಟಿಸುತ್ತೇನೆ ಎಂದು ಊರವರೆದುರು ಮಾತು ಕೊಟ್ಟು ಸುಮ್ಮನಾಗಿದ್ದ. ಕೊಡ ಹೊತ್ತ ಹೆಂಗಸರು ಕೆಸರಿನಲ್ಲಿ ಜಾರಿ ಬೀಳುತ್ತಲೇ ಇದ್ದರು. ಗುರುಗಳು ಅವನಿಗೆ ಮಾತಿಗೆ ತಪ್ಪಿದ ಒಬ್ಬ ರಾಜನ ಕತೆ ಹೇಳಿದ್ದರು. ವ್ಯಾಪಾರಿ ಹೊಟ್ಟೆ ಕುಣಿಸಿ ನಕ್ಕು, "ಬಹಳ ಚೆನ್ನಾಗಿ ಹೇಳಿದಿರಿ" ಎಂದು ಕೈಮುಗಿದು ಹೋಗಿದ್ದ.

"ಕತೆ ತಮ್ಮದೇ ಎಂದು ಅವರಿಗೆ ಗೊತ್ತೇ ಆಗಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾನಾಗಿದ್ದರೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ," ಎಂದ ಮರುಳಸಿದ್ಧ.

"ನೀನು ಹೇಳಿಬಿಡುತ್ತಿದ್ದೆ, ಅವರು ಎದ್ದು ಹೋಗುತ್ತಿದ್ದರು. ಆಮೇಲೆ ಮೆಟ್ಟಿಲು ನೀನು ಕಟ್ಟಿಸುತ್ತಿದ್ದೆಯೇನು?" ಎಂದರು ಗುರುಗಳು. "ಕೂತುಕೋ. ಹಿಂದೆ ರೋಮ್ ಪಟ್ಟಣದಲ್ಲಿ ನಾಟಕದವರು ಹೇಗೆ ಬದುಕಿದರು ಎಂದು ಹೇಳುತ್ತೇನೆ. ನಿನ್ನ ಪ್ರಶ್ನೆ ಅವರಿಗೆ ಎರಡು ಸಾವಿರ ವರ್ಷಗಳ ಹಿಂದೆಯೇ ಎದುರಾಗಿತ್ತು."

ಮರುಳಸಿದ್ಧ ಕೂತ. ಗುರುಗಳು ಹೇಳತೊಡಗಿದರು.

ರೋಮಿನವರು ಯುದ್ಧದಲ್ಲಿ ಗಟ್ಟಿಗರು. ರಸ್ತೆ ಹಾಕುವುದರಲ್ಲಿ, ಕಾನೂನು ಬರೆಯುವುದರಲ್ಲಿ ಅವರದು ಎತ್ತಿದ ಕೈ. ನಾಟಕವನ್ನು ಮಾತ್ರ ಅವರು ಗ್ರೀಕರಿಂದ ತಂದುಕೊಂಡರು. ತಂದದ್ದನ್ನು ಮುಚ್ಚಿಡಲೂ ಇಲ್ಲ. ಆಟ ಶುರುವಾಗುವ ಮೊದಲು ಒಬ್ಬ ನಟ ಮುಂದೆ ಬಂದು, ಇದನ್ನು ಗ್ರೀಕಿನಲ್ಲಿ ಇಂಥವನು ಬರೆದ, ನಮ್ಮ ನುಡಿಗೆ ಇಂಥವನು ತಂದ ಎಂದು ಸಾರುತ್ತಿದ್ದುದುಂಟು. ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಪಕ್ಕದ ಮನೆಯಿಂದ ಹೆಪ್ಪು ತಂದವರು ಮೊಸರನ್ನು ತಮ್ಮದೆಂದೇ ಬಡಿಸುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ.

ದೇವರ ಹಬ್ಬ ಬಂದಾಗ ಮರದ ಹಲಗೆಗಳಿಂದ ರಂಗ ಕಟ್ಟುತ್ತಿದ್ದರು. ಹಬ್ಬ ಮುಗಿದೊಡನೆ ಕೀಳುತ್ತಿದ್ದರು. ಕಲ್ಲಿನಲ್ಲಿ ಕಟ್ಟಿದರೆ ಜನ ದಿನವೂ ಅಲ್ಲೇ ಕೂತು ಕೆಟ್ಟುಹೋಗುತ್ತಾರೆ ಎಂದು ಊರಿನ ಹಿರಿಯರ ಸಭೆಗೆ ಭಯ. ರಂಗದ ಮೇಲೆ ಒಂದು ಬೀದಿ, ಬೀದಿಗೆ ಎರಡು ಮೂರು ಮನೆಬಾಗಿಲು. ಅಷ್ಟರಲ್ಲೇ ಎಲ್ಲ ನಡೆಯಬೇಕು. ಆ ಬೀದಿ ಮಾತ್ರ ರೋಮಿನದಲ್ಲ. ಹೆಚ್ಚಾಗಿ ಅದು ಗ್ರೀಕರ ಅಥೆನ್ಸ್ ಪಟ್ಟಣದ ಬೀದಿ.

ಏಕೆ ಗೊತ್ತೇ? ರಂಗದ ಮೇಲೆ ನಿಂತು ರೋಮಿನ ಗೃಹಸ್ಥನ ಹೆಸರೆತ್ತಿ ಹಂಗಿಸುವ ಹಾಗಿರಲಿಲ್ಲ. ಹಿಂದೊಬ್ಬ ಕವಿ ದೊಡ್ಡ ಮನೆತನವನ್ನು ಕೆಣಕಿ ಸೆರೆಮನೆ ಕಂಡಿದ್ದ ಎಂದು ಹೇಳುತ್ತಾರೆ. ಆದ್ದರಿಂದ ನಾಟಕಕಾರರು ಎಲ್ಲರನ್ನೂ ಅಥೆನ್ಸಿಗೆ ಸಾಗಿಸಿದರು. ಜಿಪುಣನೇ? ಅವನು ಅಥೆನ್ಸಿನವನು. ಜಂಬ ಕೊಚ್ಚುವ ಸಿಪಾಯಿಯೇ? ಅವನೂ ಗ್ರೀಕನೇ. ಹೆಂಡತಿಗೆ ಹೆದರಿ ಗೋಡೆ ಹಾರುವ ಮುದುಕನಂತೂ ಅಲ್ಲಿಯವನೇ ಆಗಬೇಕು. ನಟರು ಗ್ರೀಕರ ಹೊದಿಕೆ ಹೊದ್ದು, ಮುಖವಾಡ ಕಟ್ಟಿಕೊಂಡು ಬರುತ್ತಿದ್ದರು. ನಾಟಕದ ಗುಲಾಮ ನಾಟಕದ ಯಜಮಾನನ ಕಣ್ಣಿಗೆ ಮಣ್ಣೆರಚುತ್ತಿದ್ದ. ಗುಲಾಮರನ್ನು ಇಟ್ಟುಕೊಂಡ ಯಜಮಾನರೇ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಆಗುತ್ತಿರುವುದು ಅಥೆನ್ಸಿನಲ್ಲಿ ತಾನೇ, ನಮಗೇನು!

ಆ ರೋಮಿನಲ್ಲಿ ಒಬ್ಬ ಯಜಮಾನನಿದ್ದ. ದ್ರಾಕ್ಷಿ ತೋಟದವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆಯೇ ಬೇಕಾಗಿರಲಿಲ್ಲ. ಮನೆಗೆ ಬಂದವರಿಗೆ ಊಟ ಹಾಕುವವನು, ನಗುನಗುತ್ತಾ ಮಾತಾಡುವವನು, ತಾನು ಮಾತಿಗೆ ನಿಲ್ಲುವ ಮನುಷ್ಯ ಎಂದು ಮನಸಾರೆ ನಂಬಿದವನು.

ಅವನ ಮನೆಯಲ್ಲಿ ಒಬ್ಬ ಗುಲಾಮನಿದ್ದ. ಯಜಮಾನನ ಒಬ್ಬನೇ ಮಗ ಚಿಕ್ಕವನಾಗಿದ್ದಾಗ ವಿಷಮಜ್ವರ ಬಂದು ಮಲಗಿದ. ಅಂಟುರೋಗವೆಂದು ಮನೆಯವರು ಹತ್ತಿರ ಸುಳಿಯಲಿಲ್ಲ. ಗುಲಾಮ ಮಾತ್ರ ಮಗುವಿನ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ, ಗುಟುಕು ಗುಟುಕಾಗಿ ನೀರು ಕುಡಿಸಿದ. ಮಗು ಉಳಿಯಿತು. ಯಜಮಾನ ಮನೆದೇವರ ಮುಂದೆ ನಿಂತು ಕಣ್ಣೊರೆಸಿಕೊಂಡು, "ನಿನ್ನನ್ನು ಬಿಡುಗಡೆ ಮಾಡುತ್ತೇನೆ. ಈ ದ್ರಾಕ್ಷಿ ಸುಗ್ಗಿಯೊಂದು ಮುಗಿಯಲಿ," ಎಂದ.

ಸುಗ್ಗಿ ಮುಗಿಯಿತು. ರಸ ಇಳಿಸುವ ಹೊಸ ತೊಟ್ಟಿ ಕಟ್ಟಬೇಕಾಯಿತು. ಆಮೇಲೆ ಒಂದು ವರ್ಷ ಬಳ್ಳಿಗೆ ರೋಗ ತಗುಲಿತು. ಆಮೇಲೆ ಯಜಮಾನನ ತಂಗಿಯ ಮದುವೆ ಬಂತು. ಗುಲಾಮ ನೆನಪಿಸಿದಾಗಲೆಲ್ಲ ಯಜಮಾನ ಅವನ ಬೆನ್ನು ತಟ್ಟಿ, "ನೀನೇನು ಹೊರಗಿನವನೇ? ಈ ಸುಗ್ಗಿಯೊಂದು ಮುಗಿಯಲಿ," ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ಗುಲಾಮನಿಗೆ ಸಂಕಟವಾಗಿದ್ದುದು ಆ ಪ್ರೀತಿಯೇ. ಬೈಯುವವನ ಮೇಲೆ ಒಳಗೊಳಗಾದರೂ ಸಿಟ್ಟು ಮಾಡಬಹುದು, ಬೆನ್ನು ತಟ್ಟುವವನನ್ನು ಏನು ಮಾಡುವುದು? ಮಗನಿಗೆ ಮೀಸೆ ಬಂತು. ಗುಲಾಮನ ತಲೆ ನೆರೆಯಿತು. ಸಾಯುವ ಮೊದಲು ಸ್ವಲ್ಪ ಕಾಲವಾದರೂ ಯಾರ ಸೊತ್ತೂ ಆಗದೆ ಬದುಕಬೇಕು ಎಂಬುದೊಂದೇ ಅವನ ಆಸೆ. ಅದು ಸುಗ್ಗಿಯಿಂದ ಸುಗ್ಗಿಗೆ ಸವೆಯುತ್ತಿತ್ತು.

ಈ ಗುಲಾಮನಿಗೆ ಒಂದು ಕಲೆ ಒಲಿದಿತ್ತು. ಯಾರನ್ನೇ ನೋಡಲಿ, ಅವರ ನಡಿಗೆ, ಮಾತಿನ ಧಾಟಿ, ಕೆಮ್ಮುವ ರೀತಿ ಎಲ್ಲವನ್ನೂ ಇದ್ದ ಹಾಗೇ ಮಾಡಿ ತೋರಿಸುತ್ತಿದ್ದ. ರೋಮಿನಲ್ಲಿ ನಟರೆಂದರೆ ಹೆಚ್ಚಾಗಿ ಗುಲಾಮರೇ. ಗೃಹಸ್ಥರು ನಾಟಕ ನೋಡುತ್ತಿದ್ದರು, ಆಡುತ್ತಿರಲಿಲ್ಲ. ರಂಗ ಹತ್ತಿದವನಿಗೆ ಮರ್ಯಾದೆಯಿಲ್ಲ ಎಂದು ಅವರ ಲೆಕ್ಕ. ಹಬ್ಬ ಬಂದಾಗ ಯಜಮಾನ ಇವನನ್ನು ನಾಟಕದ ಮೇಳಕ್ಕೆ ಕಳಿಸುತ್ತಿದ್ದ. ಜನ ಇವನಿಗೆ ಚಪ್ಪಾಳೆ ತಟ್ಟಿದರೆ ಯಜಮಾನ ತನಗೇ ತಟ್ಟಿದರೆಂದು ಉಬ್ಬುತ್ತಿದ್ದ.

ಆ ಮೇಳಕ್ಕೆ ನಾಟಕ ಬರೆದುಕೊಡುವ ನಾಟಕಕಾರನೂ ಒಂದು ಕಾಲಕ್ಕೆ ಸೆರೆಯಾಳಾಗಿ ರೋಮಿಗೆ ಬಂದವನು. ಬಿಡುಗಡೆ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ದಿನ ತಾಲೀಮಿನ ನಡುವೆ ನಟರು ದಣಿವಾರಿಸಿಕೊಳ್ಳುತ್ತಿದ್ದಾಗ ಗುಲಾಮ ಎದ್ದು ತನ್ನ ಯಜಮಾನನನ್ನು ಮಾಡಿ ತೋರಿಸಿದ. ಕುತ್ತಿಗೆ ಓರೆ ಮಾಡಿದ, ಗಾಳಿಯಲ್ಲಿ ಯಾರದೋ ಬೆನ್ನು ತಟ್ಟಿದ, "ನೀನೇನು ಹೊರಗಿನವನೇ? ಈ ಸುಗ್ಗಿಯೊಂದು ಮುಗಿಯಲಿ," ಎಂದ. ಎಲ್ಲರೂ ನಕ್ಕರು. ನಾಟಕಕಾರ ನಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು, ಇದು ಯಾರು, ಏನು ಕತೆ ಎಂದು ಕೇಳಿದ. ಗುಲಾಮ ಎಲ್ಲವನ್ನೂ ಹೇಳಿದ.

"ಈ ಹಬ್ಬದಲ್ಲಿ ಮುಖವಾಡ ಕಿತ್ತೆಸೆದು, ಅವರ ಹೆಸರು ಹಿಡಿದು, ಊರೆಲ್ಲದರ ಎದುರು ಕೇಳಿಬಿಡುತ್ತೇನೆ," ಎಂದ.

"ಕೇಳು," ಎಂದ ನಾಟಕಕಾರ. "ನಿನ್ನನ್ನು ಕಲ್ಲುಗಣಿಗೆ ಮಾರುತ್ತಾರೆ. ನನ್ನನ್ನು ಸೆರೆಮನೆಗೆ ತಳ್ಳುತ್ತಾರೆ. ನಿನ್ನ ಯಜಮಾನನಿಗೆ ಏನಾಗುತ್ತದೆ? ಉಪ್ಪು ತಿಂದ ಮನೆಗೇ ದ್ರೋಹ ಮಾಡಿದ ಎಂದು ನಾಲ್ಕು ಜನರ ಹತ್ತಿರ ಗೋಳಾಡಿ ಹಾಯಾಗಿ ಮಲಗುತ್ತಾನೆ. ಬೇಡ. ಅವನನ್ನು ಅಥೆನ್ಸಿಗೆ ಕಳಿಸೋಣ."

ನಾಟಕಕಾರ ಹಳೆಯ ಗ್ರೀಕ್ ನಾಟಕವೊಂದನ್ನು ತೆಗೆದುಕೊಂಡ. ಅದರಲ್ಲೊಬ್ಬ ಮುದುಕನಿದ್ದ, ಅವನಿಗೊಬ್ಬ ಗುಲಾಮನಿದ್ದ. ಮುದುಕನ ಬಾಯಿಗೆ ಯಜಮಾನನ ಮಾತುಗಳನ್ನೇ ಇಟ್ಟ. ಒಂದಕ್ಷರ ಹೆಚ್ಚಿಸಲಿಲ್ಲ, ಕಡಿಮೆ ಮಾಡಲಿಲ್ಲ. ಆ ಮಾತುಗಳನ್ನು ಅದಕ್ಕಿಂತ ಚೆನ್ನಾಗಿ ಬರೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಮಗನ ಸಂಗತಿಯನ್ನು ಮಾತ್ರ ಬದಲಿಸಿದ. ಜ್ವರ ಬಂದ ಮಗನ ಬದಲು ಹೊಳೆಗೆ ಬಿದ್ದ ಮಗನನ್ನು ತಂದ. ಅಷ್ಟಾದರೂ ಮರೆ ಇಲ್ಲದಿದ್ದರೆ ಜೀವಕ್ಕೆ ಆಪತ್ತು. ಮುದುಕನ ಪಾತ್ರವನ್ನು ಈ ಗುಲಾಮನಿಗೇ ಕೊಟ್ಟ.

ಹಬ್ಬ ಬಂತು. ಮರದ ರಂಗ ಎದ್ದಿತು. ಜೋಡಿ ಕೊಳಲಿನವನು ರಂಗದ ಮೇಲೆ ಬಂದು ನಿಂತ. ಹಿರಿಯರ ಸಭೆಯವರು ಮುಂದಿನ ಸಾಲಿನಲ್ಲಿ ಕೂತರು. ಅವರ ಬೆನ್ನಿಗೇ ನಮ್ಮ ಯಜಮಾನ ಕೂತ. ಒಬ್ಬ ನಟ ಬಂದು, "ಇದು ಅಥೆನ್ಸ್. ಇಲ್ಲಿಯ ಜನ ಹೀಗೆಲ್ಲ ಮಾಡುತ್ತಾರೆ, ನೀವು ಬೇಸರಿಸಬೇಡಿ," ಎಂದು ಹೇಳಿ ಹೋದ. ಮುದುಕ ಹೊರಗೆ ಬಂದ. ಕುತ್ತಿಗೆ ಓರೆ ಮಾಡಿದ. ನಾಟಕದ ಗುಲಾಮ ಬಿಡುಗಡೆ ಕೇಳಿದ. ಮುದುಕ ಅವನ ಬೆನ್ನು ತಟ್ಟಿ, "ನೀನೇನು ಹೊರಗಿನವನೇ? ಈ ಸುಗ್ಗಿಯೊಂದು ಮುಗಿಯಲಿ," ಎಂದ.

ಯಜಮಾನನ ನೆರೆಹೊರೆಯವರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಅವನ ಜೊತೆ ವ್ಯವಹಾರ ಮಾಡಿದವರು ಬಾಯಿಗೆ ಬಟ್ಟೆ ಒತ್ತಿಕೊಂಡರು. ಯಜಮಾನ ಮಾತ್ರ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕ. ಪಕ್ಕದವನ ತೊಡೆಗೆ ಹೊಡೆದು, "ಈ ಅಥೆನ್ಸಿನವರು ಎಂಥ ಜನ ಮಾರಾಯ! ಒಂದು ಮಾತು ಉಳಿಸಿಕೊಳ್ಳಲಾರರು. ನನ್ನ ಹೆಂಡತಿಯ ತಮ್ಮನೂ ಹೀಗೆಯೇ. ಅವನನ್ನು ಎಳೆದುಕೊಂಡು ಬರಬೇಕಿತ್ತು," ಎಂದ. ಪಕ್ಕದವನು ಕೆಮ್ಮಿದ.

ನಾಟಕ ಮುಗಿಯುವಾಗ ನಟರು ಮುಂದೆ ಬಂದು ಚಪ್ಪಾಳೆ ಕೇಳುವುದು ಆ ಊರಿನ ಪದ್ಧತಿ. ಮುದುಕನ ವೇಷದಲ್ಲಿ ನಿಂತು ಗುಲಾಮ ಚಪ್ಪಾಳೆ ಕೇಳಿದ. ಯಜಮಾನ ಎದ್ದು ನಿಂತು ಕೈ ಕೆಂಪಾಗುವಂತೆ ತಟ್ಟಿದ. ಮುಖವಾಡದೊಳಗೆ ಗುಲಾಮ ಅತ್ತ.

ರಂಗದ ಹಿಂದೆ ಬಂದು ನಾಟಕಕಾರನ ಮೇಲೆ ರೇಗಿದ. "ಇಡೀ ಊರಿಗೆ ತಿಳಿಯಿತು. ತಿಳಿಯಬೇಕಾದವರೊಬ್ಬರಿಗೆ ತಿಳಿಯಲಿಲ್ಲ. ಇಷ್ಟೇ ನಿಮ್ಮ ಉಪಾಯ! ನನ್ನ ಬಾಳನ್ನು ನಗೆಪಾಟಲು ಮಾಡಿದಿರಿ, ಅಷ್ಟೇ."

ನಾಟಕಕಾರ ಅಲುಗಲಿಲ್ಲ. "ಅವನು ನಕ್ಕನಲ್ಲ? ನಕ್ಕವನು ನಾಟಕವನ್ನು ಮನೆಗೆ ಹೊತ್ತುಕೊಂಡು ಹೋಗಿದ್ದಾನೆ. ಇನ್ನು ಅದು ಅವನನ್ನು ಬಿಡುವುದಿಲ್ಲ. ನೀನು ಸುಮ್ಮನೆ ಕೆಲಸ ಮಾಡಿಕೊಂಡಿರು," ಎಂದ.

ಹಬ್ಬ ಮುಗಿಯಿತು. ರಂಗವನ್ನು ಕಿತ್ತು ಹಲಗೆಗಳನ್ನು ಗಾಡಿಗೆ ಹೇರಿದರು. ಯಜಮಾನನ ತಲೆಯಿಂದ ಮಾತ್ರ ನಾಟಕ ಇಳಿಯಲಿಲ್ಲ. ಊರವರು ಸೇರುವ ಸ್ನಾನದ ಮನೆಯಲ್ಲಿ ಅದೇ ಮಾತು, ಸಂತೆಯಲ್ಲಿ ಅದೇ ಮಾತು. ಕೊನೆಗೆ ಒಂದು ಸಂಜೆ ಗೆಳೆಯರನ್ನು ಊಟಕ್ಕೆ ಕರೆದ. ಮಗನೂ ಪಂಕ್ತಿಯಲ್ಲಿದ್ದ. ದ್ರಾಕ್ಷಾರಸ ಒಂದು ಸುತ್ತು ಬಂದ ಮೇಲೆ ಯಜಮಾನನಿಗೆ ಉಮೇದು ಏರಿತು. ಬೀದಿಯಲ್ಲಾದರೆ ಗೃಹಸ್ಥನಿಗೆ ವೇಷ ಶೋಭಿಸದು. ಸ್ವಂತ ಮನೆಯಲ್ಲಿ, ಗೆಳೆಯರ ಎದುರು, ಯಾರು ಕೇಳಬೇಕು? ಗುಲಾಮನನ್ನು ಕರೆದ.

"ಆ ನಾಟಕದಲ್ಲಿ ಗುಲಾಮ ಬಿಡುಗಡೆ ಕೇಳುವ ಜಾಗ ಮಾಡಿ ತೋರಿಸೋಣ ಬಾ. ನಾನು ಮುದುಕ. ನೀನು ಗುಲಾಮ."

"ಅಂದು ಮುದುಕನ ಪಾತ್ರ ನನ್ನದಾಗಿತ್ತು, ಯಜಮಾನರೇ."

"ಗೊತ್ತು ಕಣೋ. ಇವತ್ತು ನಾನು ಮಾಡುತ್ತೇನೆ. ಗುಲಾಮನ ಮಾತು ನಿನಗೆ ಬರುವುದಿಲ್ಲವೇ?"

"ಬರುತ್ತದೆ," ಎಂದ ಗುಲಾಮ.

ಯಜಮಾನ ಎದ್ದು ನಿಂತ. ಕುತ್ತಿಗೆ ಓರೆ ಮಾಡಿದ. ಅದಕ್ಕೆ ಅವನು ಏನೂ ಕಷ್ಟಪಡಬೇಕಾಗಲಿಲ್ಲ. "ಥೇಟು ಅವನೇ!" ಎಂದು ಒಬ್ಬ ಗೆಳೆಯ ಕೂಗಿ, ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಲ್ಲಿ ಮುಖವಾಡ ಇರಲಿಲ್ಲ. ಗ್ರೀಕರ ಹೊದಿಕೆ ಇರಲಿಲ್ಲ. ಅಥೆನ್ಸಿನ ಬೀದಿಯೂ ಇರಲಿಲ್ಲ.

"ಯಜಮಾನರೇ, ನನಗೆ ಕೊಟ್ಟ ಮಾತು ನೆನಪಿದೆಯೇ?" ಎಂದ ಗುಲಾಮ.

ಯಜಮಾನ ಅವನ ಬೆನ್ನು ತಟ್ಟಿ, "ನೀನೇನು ಹೊರಗಿನವನೇ? ಈ ಸುಗ್ಗಿಯೊಂದು ಮುಗಿಯಲಿ," ಎಂದ. ಎಂದು ನಗುವಿಗಾಗಿ ಸುತ್ತ ನೋಡಿದ. ಯಾರೂ ನಗಲಿಲ್ಲ. ಒಬ್ಬ ಬಟ್ಟಲಿನೊಳಗೆ ನೋಡುತ್ತಿದ್ದ, ಇನ್ನೊಬ್ಬ ರೊಟ್ಟಿ ಮುರಿಯುತ್ತಿದ್ದ.

ಈಗ ಗುಲಾಮ, ನಾಟಕದಲ್ಲಿದ್ದ ಹಾಗೆ, ಮಗು ಹೊಳೆಗೆ ಬಿದ್ದ ಮಾತು ಹೇಳಬೇಕಿತ್ತು. ಅವನು ಯಜಮಾನನ ಮಗನನ್ನು ನೋಡಿದ. ತಾನು ನೀರು ಕುಡಿಸಿ ಬದುಕಿಸಿದ ಮುಖ ಅದು. ಹೆದರಿಕೆ ಇತ್ತು. ಒಂದು ಮಾತು ಹೆಚ್ಚುಕಡಿಮೆಯಾದರೆ ಕಲ್ಲುಗಣಿ ಎಂದು ಅವನಿಗೆ ಗೊತ್ತಿತ್ತು. ಆದರೂ ಅವನ ಬಾಯಿಗೆ ಹೊಳೆ ಬರಲಿಲ್ಲ.

"ಯಜಮಾನರೇ, ಮಗು ಜ್ವರದಲ್ಲಿ ಬೇಯುತ್ತಿದ್ದಾಗ, ಈ ಸುಗ್ಗಿಯೊಂದು ಮುಗಿಯಲಿ, ಆಮೇಲೆ ನೋಡುತ್ತೇನೆ ಎಂದು ನಾನು ಹೇಳಲಿಲ್ಲ," ಎಂದ.

"ಜ್ವರವಲ್ಲವೋ, ಹೊಳೆ. ಮಗು ಹೊಳೆಗೆ ಬಿದ್ದದ್ದು," ಎಂದು ಯಜಮಾನ ತಿದ್ದಿದ.

ಆಗ ಮಗ ಹೇಳಿದ: "ಜ್ವರ, ಅಪ್ಪಾ."

ಯಜಮಾನನ ಕೈ ಇನ್ನೂ ಗುಲಾಮನ ಬೆನ್ನ ಮೇಲೆಯೇ ಇತ್ತು. ಅವನು ಅದನ್ನು ನಿಧಾನವಾಗಿ ತೆಗೆದ. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ನಿಂತ. ಆಮೇಲೆ ಕೂತ. ಗೆಳೆಯರು ಒಬ್ಬೊಬ್ಬರಾಗಿ ಎದ್ದು ಹೋದರು.

ಬೆಳಗಾದ ಮೇಲೆ ಅವನೇ ಗುಲಾಮನನ್ನು ಅಧಿಕಾರಿಯ ಮುಂದೆ ಕರೆದುಕೊಂಡು ಹೋದ. ಆ ಊರಿನಲ್ಲಿ ಬಿಡುಗಡೆಗೆ ಒಂದು ಕ್ರಮವಿತ್ತು. ಅಲ್ಲಿ ಗುಲಾಮನಿಗೆ ಒಂದು ಕೋಲು ಮುಟ್ಟಿಸುತ್ತಾರೆ. ಯಜಮಾನ ಅವನನ್ನು ಹಿಡಿದು ಒಂದು ಸುತ್ತು ತಿರುಗಿಸಿ ಕೈ ಬಿಡುತ್ತಾನೆ. ಕೈ ಬಿಟ್ಟರೆ ಮುಗಿಯಿತು, ಅವನು ಸ್ವತಂತ್ರ. ಯಜಮಾನ ತಿರುಗಿಸಿದ, ಬಿಟ್ಟ. ಬಿಟ್ಟ ಮೇಲೆ, "ಸುಗ್ಗಿ ಹತ್ತಿರ ಬಂದಿದೆ, ನಿನ್ನನ್ನು ಬಿಟ್ಟು ಹೇಗೆ ಮಾಡುವುದೋ," ಎಂದ. ಈ ಸಲ ಅದು ನೆಪವಾಗಿರಲಿಲ್ಲ, ಬರಿಯ ಚಿಂತೆಯಾಗಿತ್ತು.

ಬಿಡುಗಡೆಯಾದವನು ತಲೆಗೆ ಸ್ವತಂತ್ರರ ಟೋಪಿ ಹಾಕಿಕೊಂಡು ನಾಟಕಕಾರನ ಮನೆಗೆ ಓಡಿದ. "ನಿಮ್ಮ ನಾಟಕ ನನ್ನನ್ನು ಬಿಡಿಸಿತು," ಎಂದು ಕಾಲಿಗೆ ಬಿದ್ದ.

"ಏಳು," ಎಂದ ನಾಟಕಕಾರ. "ನೋಡಿದಾಗ ಅದು ನಿನ್ನನ್ನು ಬಿಡಿಸಲಿಲ್ಲ. ಅವನೇ ಆಡಿದಾಗ ಬಿಡಿಸಿತು. ನಾನು ಅವನನ್ನು ಅಥೆನ್ಸಿಗೆ ಕಳಿಸಿದ್ದೆ, ಅಷ್ಟೇ. ಅಲ್ಲಿಂದ ಮನೆಗೆ ಅವನು ತನ್ನ ಕಾಲ ಮೇಲೆಯೇ ಬಂದ."

ಇಷ್ಟು ಹೇಳಿ ಗುರುಗಳು ಸ್ವಲ್ಪ ನೀರು ಕುಡಿದರು.

"ಹತ್ತಿ ವ್ಯಾಪಾರಿ ನಕ್ಕರೆಂದು ನೀನು ಕೊರಗಬೇಡ," ಎಂದರು. "ಅವರು ನಾಳೆ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಆ ರಾಜನ ಕತೆ ಹೇಳುತ್ತಾರೆ. ರಾಜನ ಹಾಗೆ ಮೀಸೆ ತಿರುವಿ ತೋರಿಸುತ್ತಾರೆ. ಕೇಳುವವರಲ್ಲಿ ಒಬ್ಬರಾದರೂ 'ಕೆರೆ' ಎಂದು ಹೇಳಿಯೇ ಹೇಳುತ್ತಾರೆ. ಮೆಟ್ಟಿಲು ಆಗುತ್ತದೆ. ನನಗೆ ಅದರಲ್ಲಿ ಅನುಮಾನವಿಲ್ಲ."

ಮರುಳಸಿದ್ಧನಿಗೆ ಕತೆ ಬಹಳ ಹಿಡಿಸಿತ್ತು. ಅವನು ತೊಡೆ ತಟ್ಟಿಕೊಂಡು ನಕ್ಕ. "ಆ ರೋಮಿನ ಯಜಮಾನ ಎಂಥ ಮಂಕು, ಗುರುಗಳೇ! ವರ್ಷವರ್ಷವೂ ಅದೇ ಮಾತು ಹೇಳುತ್ತಾನೆ, ಹೇಳಿದ್ದು ತನ್ನ ಕಿವಿಗೇ ಬೀಳುವುದಿಲ್ಲ. ಇಂಥವರೂ ಇರುತ್ತಾರೆಯೇ? ಈ ಕತೆಯನ್ನು ನನಗೆ ಹೇಳುವ ಬದಲು ಆ ವ್ಯಾಪಾರಿಗೇ ಹೇಳಬೇಕಿತ್ತು ನೀವು," ಎಂದ.

ಗುರುಗಳು ಕೇಳಿದರು: "ನಮ್ಮ ಅಡುಗೆಮನೆಯ ಸಂಗವ್ವನಿಗೆ ಅಕ್ಷರ ಕಲಿಸುತ್ತೇನೆ ಎಂದು ನೀನು ಮಾತು ಕೊಟ್ಟದ್ದು ಯಾವ ಸುಗ್ಗಿಗೆ, ಮರುಳಸಿದ್ಧ?"